ಎರಡು ಬಾಗಿಲಿನ ಜಳಕದ ಮನೆ

ಪರದೇಶಕ್ಕೆ ಹೋಗಿ ಬಂದವರು ಹಿಮದ ಬಗ್ಗೆ ಬರೆಯುತ್ತಾರೆ, ಗಡಿಯಾರದ ಗೋಪುರಗಳ ಬಗ್ಗೆ ಬರೆಯುತ್ತಾರೆ. ರಸ್ತೆಯಲ್ಲಿ ಒಂದು ಕಸದ ಚೂರೂ ಕಾಣಲಿಲ್ಲವೆಂದು, ತಾವೇ ಗುಡಿಸಿ ಬಂದವರ ಹಾಗೆ ಹೆಮ್ಮೆಪಡುತ್ತಾರೆ. ನಾನು ಪಶ್ಚಿಮ ಜರ್ಮನಿಗೆ ಹೋದಾಗ ಹಿಮ ಬಿದ್ದಿರಲಿಲ್ಲ. ಗೋಪುರಗಳಿದ್ದವು, ಗಡಿಯಾರ ನನ್ನ ಕೈಯಲ್ಲೂ ಇತ್ತು. ನಾನು ಕಣ್ಣಿಟ್ಟು ನೋಡಿ ಬಂದದ್ದು ಒಂದು ಜಳಕದ ಮನೆಯನ್ನು. ಹುಮನಾಬಾದಿನಿಂದ ಸಮುದ್ರ ದಾಟಿ ಹೋಗಿ ಬಚ್ಚಲು ನೋಡಿ ಬಂದಳೆಂದು ನಗುವವರು ನಗಲಿ. ಅವರ ನಗು ಮುಗಿಯುವವರೆಗೆ ನಾನು ಕಾಯುವುದಿಲ್ಲ, ಮುಂದೆ ಹೇಳುತ್ತೇನೆ.

ಹುಮನಾಬಾದ

ನಾನು ಹುಟ್ಟಿದ್ದು ಬಸವಕಲ್ಯಾಣದಲ್ಲಿ. ನರ್ಸ್ ಕೆಲಸ ಕಲಿತದ್ದು ಮಿಶನ್ ದವಾಖಾನೆಯೊಂದರಲ್ಲಿ. ಅಲ್ಲಿ ಹಾಸಿಗೆಯ ಚಾದರದ ಮೂಲೆ ಸರಿಯಾಗಿ ಮಡಚದಿದ್ದರೆ ಆ ಹೊತ್ತಿನ ಚಹಾ ಸಿಗುತ್ತಿರಲಿಲ್ಲ. ಆಮೇಲೆ ಹುಮನಾಬಾದಿನಲ್ಲಿ ಸರಕಾರಿ ನೌಕರಿ ಮಾಡಿ, ಹೆಡ್ ನರ್ಸ್ ಆಗಿ ನಿವೃತ್ತಳಾದೆ. ಊರಿನವರು ಈಗಲೂ ನನ್ನನ್ನು ಗೌರವದಿಂದ ಬಾಯಾರು ಎಂದೇ ಕರೆಯುತ್ತಾರೆ.

ಎಂಬತ್ತರ ದಶಕದ ಮಾತು ಇದು. ಹುಡಗಿ ಗ್ರಾಮದ ಹತ್ತಿರ, ದೊಡ್ಡ ರಸ್ತೆಯ ಪಕ್ಕದಲ್ಲಿ, ಮೋಟಾರುಗಳ ಬ್ರೇಕಿಗೆ ಹಾಕುವ ಪಟ್ಟಿಗಳನ್ನು ತಯಾರಿಸುವ ಕಾರ್ಖಾನೆ ಬರುತ್ತದೆಂದು ಸುದ್ದಿಯಾಯಿತು. ಅರ್ಧ ಬಂಡವಾಳ ನಮ್ಮ ಮನ್ಮಥಪ್ಪ ಸೇಠರದು. ತೊಗರಿಬೇಳೆ ಮಿಲ್ಲಿನ ಮಾಲೀಕರು. ಇನ್ನರ್ಧ ಒಂದು ಜರ್ಮನ್ ಕಂಪನಿಯದು. ಸಾಲ ಕೊಡುವ ಪರದೇಶದ ಬ್ಯಾಂಕು ಒಂದು ಷರತ್ತು ಹಾಕಿತ್ತು. ಕಾರ್ಖಾನೆಯಿಂದ ಊರಿನ ಗಾಳಿಗೆ, ನೀರಿಗೆ, ಜನರಿಗೆ ಏನಾಗುತ್ತದೆಂದು ಒಂದು ಸಮಿತಿ ಪರಿಶೀಲಿಸಬೇಕು, ಜರ್ಮನಿಯ ಮೂಲ ಕಾರ್ಖಾನೆಯನ್ನು ನೋಡಿ ವರದಿ ಕೊಡಬೇಕು. ಸಮಿತಿಯಲ್ಲಿ ಊರಿನ ಹೆಂಗಸೊಬ್ಬಳು ಇರಬೇಕು, ಆರೋಗ್ಯ ಬಲ್ಲವರೊಬ್ಬರೂ ಇರಬೇಕು. ಎರಡೂ ಒಬ್ಬಳಲ್ಲೇ ಸಿಕ್ಕರೆ ವಿಮಾನದ ಒಂದು ಟಿಕೆಟು ಉಳಿಯುತ್ತದೆ. ನಾನು ಆಯ್ಕೆಯಾದದ್ದು ಹೀಗೆ.

ಸಮಿತಿಯ ಮುಖ್ಯಸ್ಥರು ಬೆಂಗಳೂರಿನ ಒಬ್ಬ ಅಧಿಕಾರಿ. ಎರಡನೆಯವಳು ನಾನು. ಮೂರನೆಯವರು ಯಾರು ಗೊತ್ತೇ? ಸ್ವತಃ ಮನ್ಮಥಪ್ಪ ಸೇಠರು. ಹಾಲಿನ ಕಾವಲಿಗೆ ಬೆಕ್ಕನ್ನು ಕೂರಿಸುವುದು ಹಳೆಯ ಪದ್ಧತಿ. ಇಲ್ಲಿ ಬೆಕ್ಕಿಗೆ ಕುರ್ಚಿಯನ್ನೂ ಕೊಟ್ಟಿದ್ದರು. ವರದಿಗೆ ಮೂವರ ಸಹಿಯೂ ಬೇಕಿತ್ತು.

ಹೊರಡುವ ಹಿಂದಿನ ದಿನ ಪಕ್ಕದ ಮನೆಯ ಶರಣಮ್ಮ ಬಂದಳು. ಸೊಂಟದ ಮೇಲೊಂದು ಕೂಸು, ಸೆರಗು ಹಿಡಿದುಕೊಂಡು ಇನ್ನೊಂದು. ಅವಳ ಗಂಡ ವೈಜಿನಾಥ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ, ವರ್ಷಕ್ಕೆರಡು ಸಲ ಊರಿಗೆ ಬರುವವನು. ಹೊಸ ಕಾರ್ಖಾನೆಯಲ್ಲಿ ಅವನಿಗೆ ಜಾಗ ಕೊಡುವುದಾಗಿ ಸೇಠರು ಒಪ್ಪಿದ್ದರು.

"ಬಾಯಾರ, ನೀವು ಸಹಿ ಹಾಕಿದ್ರ ಕಾರ್ಖಾನಿ ಬರ್ತದ ಅನ್ನಾಕತ್ತಾರ, ಖರೇನ್ರಿ?" ಎಂದಳು.

"ನೋಡದs ಸಹಿ ಹಾಕಾಕ ನಾ ನಿನ್ನ ಸೇಠನ ಮುನೀಮ ಏನು?"

"ನೋಡ್ರಿ, ಬೇಕಾದಷ್ಟು ನೋಡ್ರಿ. ನೋಡಿ ಹಾಕ್ರಿ. ಈ ಕೂಸಿಗೆ ಅವರಪ್ಪನ ಗುರುತs ಹತ್ತಂಗಿಲ್ಲ. ಬಂದಾಗೆಲ್ಲ ಯಾರೋ ಪಾವಣ್ಯಾರು ಬಂದಾರಂತ ನನ್ನ ಹಿಂದ ಅಡಗತದ."

ನಾನು ಕೂಸಿನ ಗಲ್ಲ ತಟ್ಟಿ ಒಳಗೆ ಹೋದೆ. ಪೆಟ್ಟಿಗೆಗೆ ಸೀರೆ ಮಡಚಿಡುವುದು ಬಾಕಿ ಇತ್ತು.

ವಿಮಾನ ನಿಲ್ದಾಣ

ಮುಂಬಯಿಯಿಂದ ವಿಮಾನ. ಸೇಠರು ದಾರಿಯುದ್ದಕ್ಕೂ ಬೆಲ್ಟು ಬಿಚ್ಚಲಿಲ್ಲ. ಬಿಚ್ಚಿದರೆ ವಿಮಾನ ಒಂದು ಕಡೆ ವಾಲುತ್ತದೆಂದು ಅವರಿಗೆ ಯಾರೋ ಹೇಳಿದ್ದರಂತೆ. ಬೆಂಗಳೂರಿನ ಸಾಹೇಬರು ನಾಲ್ಕು ಸಲ ಹೊರದೇಶ ಕಂಡವರು. ಹೀಗಾಗಿ ಊಟ ಬಂದರೂ ತಾತ್ಸಾರ, ಮೋಡ ಕಂಡರೂ ತಾತ್ಸಾರ.

ಅಲ್ಲಿ ಇಳಿದ ಮೇಲೆ ಕಸ್ಟಮ್ಸಿನವನು ಸೇಠರ ಚೀಲ ಬಿಚ್ಚಿಸಿದ. ಹದಿನೈದು ದಿನಕ್ಕಾಗುವಷ್ಟು ಕಟಕ ರೊಟ್ಟಿ, ಮೇಲೆ ಶೇಂಗಾ ಹಿಂಡಿಯ, ಅಂದರೆ ಖಾರದ ಚಟ್ನಿಪುಡಿಯ, ದೊಡ್ಡ ಡಬ್ಬಿ. ಕೆಂಪು ಪುಡಿ ಕಂಡು ಅವನಿಗೆ ಸಂಶಯ ಬಂತು. ಮೂಗಿನ ಹತ್ತಿರ ಹಿಡಿದು ಜೋರಾಗಿ ಉಸಿರೆಳೆದ. ಆಮೇಲೆ ಅವನು ಸೀನಿದ ರಭಸಕ್ಕೆ ಅವನ ಟೊಪ್ಪಿಗೆ ಕೆಳಗೆ ಬಿತ್ತು, ಇಬ್ಬರು ಪೊಲೀಸರು ಓಡಿ ಬಂದರು.

ನಮ್ಮನ್ನು ಕರೆದೊಯ್ಯಲು ಬಂದಿದ್ದ ದುಭಾಷಿ ಕುಲಕರ್ಣಿ ನಡುವೆ ಹೋಗಿ ಅವರನ್ನು ಸಮಾಧಾನ ಮಾಡಿದ. ಸೊಲ್ಲಾಪುರದವನು. ಜರ್ಮನಿಯಲ್ಲೇ ನೆಲೆಸಿ, ಅಲ್ಲಿಯವಳನ್ನೇ ಮದುವೆಯಾದವನು. ಮೊದಲ ಮಾತಿಗೇ, "ಡಬ್ಬಿ ಪೂರಾ ಖಾಲಿ ಮಾಡಬ್ಯಾಡ್ರಿ ಸೇಠಜಿ, ನನಗೂ ಜರಾ ಇಡ್ರಿ" ಅಂದ. ಪ್ರವಾಸದಲ್ಲಿ ನನಗೆ ಹಿಡಿಸಿದ ಗಂಡಸು ಇವನೊಬ್ಬನೇ. ಅವನಲ್ಲೂ ಒಂದು ಕೊರತೆ, ಮೀಸೆಗೆ ಎಣ್ಣೆ ಹಚ್ಚುತ್ತಿದ್ದ.

ಎಲ್ಸಾಬಾಯಿಯ ಮನೆ

ಗಂಡಸರಿಬ್ಬರಿಗೆ ಹೋಟೆಲು. ನನ್ನನ್ನು ಮಾತ್ರ ಎಲ್ಸಾ ಎಂಬ ವಿಧವೆಯ ಮನೆಯಲ್ಲಿ ಇಟ್ಟರು. ಆಕೆಯ ಗಂಡ ಇದೇ ಕಂಪನಿಯಲ್ಲಿ ದುಡಿದು ತೀರಿಕೊಂಡಿದ್ದ. ನನ್ನ ವಯಸ್ಸಿನವಳೇ. ನಾನು ಎಲ್ಸಾಬಾಯಿ ಎಂದು ಕರೆದೆ, ಆಕೆ ಬೇಡವೆನ್ನಲಿಲ್ಲ.

ಮನೆ ಚೊಕ್ಕ. ಆದರೆ ಸೋಫಾದ ಮೇಲೆ ನಾಯಿ ಮಲಗುತ್ತಿತ್ತು, ಮನುಷ್ಯರು ಅದರ ಪಕ್ಕದಲ್ಲಿ ಜಾಗವಿದ್ದಷ್ಟು ಕುಳಿತುಕೊಳ್ಳಬೇಕು. ಸಂಜೆಗೆ ಒಲೆ ಹಚ್ಚುವ ಪದ್ಧತಿಯಿಲ್ಲ. ತಣ್ಣನೆಯ ಬ್ರೆಡ್ಡು, ತಣ್ಣನೆಯ ಚೀಸು, ಉಪ್ಪು ನೀರಿನಲ್ಲಿಟ್ಟ ಸೌತೆಕಾಯಿ. ನಮ್ಮಲ್ಲಿ ಬಾಣಂತಿಗೆ ಇಂಥ ಊಟ ಕೊಟ್ಟರೆ ತವರಿನವರು ಬಂದು ಜಗಳ ತೆಗೆಯುತ್ತಾರೆ. ಕಕ್ಕಸಿನಲ್ಲಿ ಕಾಗದ. ಲೋಕಕ್ಕೆಲ್ಲ ಶುಚಿತ್ವ ಹೇಳಿಕೊಡುವ ಈ ಜನ ತಮ್ಮ ವಿಷಯ ಬಂದಾಗ ಕಾಗದದಲ್ಲಿ ಮುಗಿಸುತ್ತಾರೆ. ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಮೊದಲ ಬೆಳಿಗ್ಗೆ ನಾನು ಎಂದಿನಂತೆ ಬೆಳಕು ಹರಿಯುವ ಮೊದಲೇ ಎದ್ದು ಜಳಕಕ್ಕೆ ನೀರು ಬಿಟ್ಟೆ. ನಲ್ಲಿಯ ಸದ್ದಿಗೆ ಕೆಳಗಿನ ಮನೆಯವನು ಕೋಲಿನಿಂದ ಛತ್ತು ಕುಟ್ಟತೊಡಗಿದ. ನನಗೆ ಅರ್ಥವಾಗಲಿಲ್ಲ, ಸ್ನಾನ ಮುಗಿಸಿಯೇ ಹೊರಬಂದೆ. ಕುಲಕರ್ಣಿ ಬಂದ ಮೇಲೆ ವಿಷಯ ತಿಳಿಯಿತು. ಅಷ್ಟು ಬೇಗ ಅಲ್ಲಿ ಯಾರೂ ನೀರು ಬಿಡುವುದಿಲ್ಲವಂತೆ, ಅದು ಅಸಭ್ಯವಂತೆ.

"ಹಂಗಾದ್ರ ಇವರು ಜಳಕ ಯಾವಾಗ ಮಾಡ್ತಾರ?" ಎಂದು ಕೇಳಿದೆ.

"ಕೆಲಸದವರು ಕೆಲಸ ಬಿಟ್ಟ ಮ್ಯಾಲ ಮಾಡ್ತಾರ್ರಿ ಬಾಯಾರ. ಉಳದವರು ಶನಿವಾರಕ್ಕ ಒಮ್ಮೆ."

"ಬೆವರು ಹೊತ್ಕೊಂಡು ದೇವರ ಮುಂದ ನಿಲ್ತಾರೇನು?"

"ಅವರ ದೇವರಿಗೆ ಇದರ ರೂಢಿ ಆಗ್ಯದ್ರಿ."

ಎಲ್ಸಾಬಾಯಿಯ ಕೋಣೆಯ ಬಾಗಿಲು ತೆರೆದಿತ್ತು. ಹಾಸಿಗೆಯ ತಲೆಗಡೆ ದಿಂಬುಗಳನ್ನು ಒಂದರ ಮೇಲೊಂದು ಗೋಡೆಯಂತೆ ಪೇರಿಸಿದ್ದಳು. ಹಾಗೆ ಮಲಗುವವರನ್ನು ನಾನು ದವಾಖಾನೆಯಲ್ಲಿ ಕಂಡಿದ್ದೇನೆ. ಅಡ್ಡ ಮಲಗಿದರೆ ಉಸಿರು ಸಾಲದವರು ಅವರು. ಚಹಾ ತರಲು ಅಡುಗೆಮನೆಯಿಂದ ನಾಲ್ಕು ಹೆಜ್ಜೆ ಬಂದರೆ ಆಕೆ ಮೇಜು ಹಿಡಿದುಕೊಂಡು ನಿಲ್ಲುತ್ತಿದ್ದಳು. ಹೃದಯದ ತೊಂದರೆ ಇರಬೇಕೆಂದುಕೊಂಡೆ. ಕಾಲು ನೋಡಿದೆ, ಹೃದಯದ ರೋಗಿಗಳಿಗೆ ಬರುವ ಬಾವು ಇರಲಿಲ್ಲ.

ಕಾರ್ಖಾನೆ

ಕಂಪನಿಯ ದೊಡ್ಡ ಸಾಹೇಬ ಎತ್ತರದ ಆಳು. ತಾನು ಹೇಳಿದ ಹೊತ್ತಿಗೇ ಬಂದೆನೆಂದು ಮೂರು ಸಲ ಗಡಿಯಾರ ತೋರಿಸಿದ. ಸಮಯಪಾಲನೆಯನ್ನು ತಮ್ಮ ಅಜ್ಜನೇ ಕಂಡುಹಿಡಿದ ಎಂಬಂತೆ ನಡೆದುಕೊಳ್ಳುವುದು ಅಲ್ಲಿಯವರ ಒಂದು ಕಾಯಿಲೆ.

ಬ್ರೇಕಿನ ಪಟ್ಟಿಯ ಕೆಲಸ ತಿಳಿಯದವರಿಗೆ ಎರಡು ಮಾತು. ಚಕ್ರ ನಿಲ್ಲಬೇಕಾದರೆ ಅದಕ್ಕೆ ಒತ್ತಿ ಉಜ್ಜುವ ಒಂದು ಪಟ್ಟಿ ಬೇಕು, ಆ ಪಟ್ಟಿ ಕಾವಿಗೆ ಸುಡಬಾರದು. ಅದಕ್ಕಾಗಿ ಅದರಲ್ಲಿ ಕಲ್ನಾರು ಬೆರೆಸುತ್ತಾರೆ. ನಮ್ಮ ಶಾಲೆಗಳ ಮೇಲೆ ಹೊದಿಸುವ ಬೂದುಬಣ್ಣದ ಶೀಟುಗಳಲ್ಲಿ ಇರುವುದೂ ಅದೇ. ಕಲ್ಲೇ, ಆದರೆ ಬಿಡಿಸಿದರೆ ಹತ್ತಿಯ ಹಾಗೆ ನಾರು ನಾರು. ಅದನ್ನು ಕಲಸಿ, ಅಚ್ಚಿಗೆ ಒತ್ತಿ, ಸುಟ್ಟು, ಉಜ್ಜಿ ನಯ ಮಾಡುವಾಗ ಧೂಳು ಏಳುತ್ತದೆ. ಬಲು ಸಣ್ಣ ಧೂಳು, ಕಣ್ಣಿಗೂ ಕಾಣುವುದಿಲ್ಲ.

ಅಲ್ಲಿ ಯಂತ್ರಗಳ ಮೇಲೆ ಧೂಳು ಎಳೆಯುವ ಕೊಳವೆಗಳಿದ್ದವು. ಕಸವನ್ನು ಒದ್ದೆ ಚೀಲಗಳಲ್ಲಿ ಕಟ್ಟುತ್ತಿದ್ದರು. ಬೆಂಗಳೂರಿನ ಸಾಹೇಬರು ಎಲ್ಲದಕ್ಕೂ ತಲೆಯಾಡಿಸಿ, "ಎಕ್ಸಲೆಂಟ್, ಎಕ್ಸಲೆಂಟ್" ಎಂದರು. ಶಾಲೆ ತಪಾಸಣೆಗೆ ಬಂದ ಇನ್‌ಸ್ಪೆಕ್ಟರು ಹೀಗೆ ಹೇಳುತ್ತಿದ್ದರೆ ಊಟದ ಹೊತ್ತಾಗಿದೆ ಎಂದು ಅರ್ಥ.

ಕೊನೆಗೆ ದೊಡ್ಡ ಸಾಹೇಬ ನಮ್ಮನ್ನು ಒಂದು ಉದ್ದನೆಯ ಕಟ್ಟಡಕ್ಕೆ ಕರೆದೊಯ್ದ. ಅವನಿಗೆ ಅದರ ಬಗ್ಗೆ ಬಲು ಹೆಮ್ಮೆ. ಒಂದು ತುದಿಯಲ್ಲಿ ಒಂದು ಬಾಗಿಲು, ಇನ್ನೊಂದು ತುದಿಯಲ್ಲಿ ಇನ್ನೊಂದು, ನಡುವೆ ಜಳಕದ ಕೋಣೆಗಳು. ಕೆಲಸ ಬಿಟ್ಟವರು ಈ ಬಾಗಿಲಿನಿಂದ ಒಳಗೆ ಬಂದು, ಕೆಲಸದ ಬಟ್ಟೆ ಬಿಚ್ಚಿ ಒಂದು ಪೆಟ್ಟಿಗೆಗೆ ಹಾಕುತ್ತಾರೆ. ತಲೆಯಿಂದ ಕಾಲಿನವರೆಗೆ ಜಳಕ ಮಾಡುತ್ತಾರೆ. ಆ ಕಡೆ ಹೋಗಿ ಮನೆಯ ಬಟ್ಟೆ ತೊಟ್ಟು, ಆ ಬಾಗಿಲಿನಿಂದ ಹೊರಬೀಳುತ್ತಾರೆ. ಕೊಳೆ ಬಟ್ಟೆಯನ್ನು ಕಾರ್ಖಾನೆಯ ಮಡಿಕಟ್ಟೆಯಲ್ಲೇ ಒಗೆಯುತ್ತಾರೆ. ಒಂದು ದಾರವೂ ಮನೆಗೆ ಹೋಗುವಂತಿಲ್ಲ. ಹೋದರೆ ನೌಕರಿ ಹೋಗುತ್ತದೆ.

ನಾನು ಎರಡೂ ಬಾಗಿಲು ನೋಡಿದೆ. ಒಳ್ಳೆಯ ವ್ಯವಸ್ಥೆ. ಆಪರೇಶನ್ ಥಿಯೇಟರಿನಲ್ಲಿ ನಾವೂ ಹೀಗೇ ಮಾಡುತ್ತಿದ್ದೆವು, ಆದರೆ ಉಲ್ಟಾ, ಒಳಗೆ ಹೋಗುವ ಮೊದಲು.

"ಸೇಠಜಿ, ನಮ್ಮ ನಕ್ಷಾದಾಗ ಈ ಮನಿ ಎಲ್ಲಿ ಬರ್ತದ?" ಎಂದು ಕೇಳಿದೆ.

ಸೇಠರು ಖುಷಿಯಿಂದ ಹೇಳಿದರು: "ಇದನ್ನ ನಾನೇ ತೆಗಿಸೀನ್ರಿ ಬಾಯಾರ. ಖಾಲಿ ಪೀಲಿ ಖರ್ಚು. ಮತ್ತ ನೀರ ಎಲ್ಲಿಂದ ತರೂದು? ನಾ ಇವ್ರಿಗೆ ತಿಳಿಸಿ ಹೇಳ್ದೆ, ಸಾಹೇಬ, ನಿಮ್ಮ ಮಂದಿ ವಾರಕ್ಕೊಮ್ಮೆ ಮೈ ತೊಳಕೋತಾರ, ಅದಕ್ಕ ನಿಮಗ ಇದು ಬೇಕು. ನಮ್ಮ ಮಂದಿ ದಿನಾ ಮುಂಜಾನಿ ಜಳಕ ಮಾಡಿ, ಈಬತ್ತಿ ಹಚ್ಕೊಂಡs ಕೆಲಸಕ್ಕ ಬರ್ತಾರ. ಹೌದಂದ್ರು. ಬರಕೊಂಡ್ರು."

"ಹೌದು," ಎಂದು ಬೆಂಗಳೂರಿನ ಸಾಹೇಬರೂ ಸೇರಿಸಿದರು. "ಅದು ನಮ್ಮ ಸಂಸ್ಕೃತಿ ಅಮ್ಮಾ. ಶುಚಿತ್ವದಲ್ಲಿ ನಾವು ಇವರಿಗೆ ಪಾಠ ಹೇಳಬೇಕು."

ನಾನು ಇಬ್ಬರ ಮುಖವನ್ನೂ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ಮುಂಜಾನೆ ಜಳಕ ಮಾಡಿ ಹೋದವನು ಸಂಜೆ ಧೂಳು ಮೆತ್ತಿಕೊಂಡು ಬರುತ್ತಾನೆಂಬ ಸಣ್ಣ ಲೆಕ್ಕ ಮಿಲ್ಲಿನ ಮಾಲೀಕರಿಗೂ ಹೊಳೆದಿರಲಿಲ್ಲ, ಸರಕಾರದ ಸಾಹೇಬರಿಗೂ ಹೊಳೆದಿರಲಿಲ್ಲ. ಮಡಿಯ ಹೆಮ್ಮೆ ಹಾಗೆಯೇ. ಎಷ್ಟು ಸಲ ಸ್ನಾನ ಎನ್ನುವುದು ಗೊತ್ತು, ಯಾತಕ್ಕೆ ಎನ್ನುವುದು ಗೊತ್ತಿಲ್ಲ.

ಅಡುಗೆಮನೆ

ಮಧ್ಯಾಹ್ನ ಕುಲಕರ್ಣಿಯನ್ನು ಎಲ್ಸಾಬಾಯಿಯ ಮನೆಗೆ ಕರೆತಂದೆ. ಬಂದವನೇ ನಾಯಿಯನ್ನು ಎಬ್ಬಿಸಿ ಅದರ ಜಾಗದಲ್ಲಿ ಕುಳಿತ.

"ಆ ಜಳಕದ ಮನಿ ಯಾವಾಗ ಕಟ್ಟಿದ್ರು, ಕೇಳಪ್ಪ," ಎಂದೆ.

ಎಲ್ಸಾಬಾಯಿ ಮೆಲ್ಲಗೆ, ನಡುನಡುವೆ ನಿಂತು ಉಸಿರೆಳೆದುಕೊಂಡು ಹೇಳಿದಳು. ಅವನು ಒಂದೊಂದೇ ಮಾತು ಕನ್ನಡಕ್ಕೆ ತಂದ. ತನ್ನ ಗಂಡ ಉಜ್ಜುವ ಯಂತ್ರದ ಮೇಲಿದ್ದಾಗ ಆ ಕಟ್ಟಡ ಇರಲಿಲ್ಲ. ಕೆಲಸದ ಬಟ್ಟೆಯಲ್ಲೇ ಮನೆಗೆ ಬರುತ್ತಿದ್ದ. ತಾನು ಅಡುಗೆಮನೆಯ ಕಿಟಕಿಯ ಹತ್ತಿರ ಆ ಬಟ್ಟೆ ಝಾಡಿಸಿ, ಆಮೇಲೆ ನೆನೆ ಹಾಕುತ್ತಿದ್ದೆನೆಂದಳು. ಬಿಸಿಲು ಬಿದ್ದಾಗ ಧೂಳು ಮಿಣಿಮಿಣಿ ಹೊಳೆಯುತ್ತಿತ್ತು, ಚಂದ ಕಾಣುತ್ತಿತ್ತು. ಗಂಡ ಉಬ್ಬಸದಲ್ಲೇ ಹೋದ.

"ಈಕಿಗೂ ಅದೇ ಬ್ಯಾನಿ ಅಂತ್ರಿ," ಎಂದ ಕುಲಕರ್ಣಿ. ಅವನ ದನಿ ಸಣ್ಣದಾಗಿತ್ತು. "ಫುಪ್ಪುಸದಾಗ ಅದೇ ಧೂಳು. ಡಾಕ್ಟರು ಹೇಳ್ಯಾರ. ಈಕಿ ಒಂದು ದಿನಾನೂ ಕಾರ್ಖಾನಿ ಮೆಟ್ಟಲ ಹತ್ತಿಲ್ಲಂತ್ರಿ."

"ಕಂಪನಿಗೆ ಗೊತ್ತದೇನು?"

ಅವನು ಕೇಳಿದ. ಎಲ್ಸಾಬಾಯಿ ನಕ್ಕಳು, ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಒಂದೇ ಮಾತು ಹೇಳಿದಳು.

"ಗೊತ್ತಾದ ಮ್ಯಾಲೆನs ಕಟ್ಟಿದ್ದು ಅನ್ನಾಕತ್ತಾಳ್ರಿ."

ನನಗೆ ಶರಣಮ್ಮ ನೆನಪಾದಳು. ಅವಳ ಮನೆಯ ಬಟ್ಟೆ ಒಗೆಯುವ ಕಲ್ಲು ನನ್ನ ಗೋಡೆಗೆ ಹತ್ತಿಯೇ ಇದೆ. ಮಕ್ಕಳು ಆಡುವುದೂ ಅದೇ ಕಲ್ಲಿನ ಸುತ್ತ. ಅಪ್ಪ ಮನೆಗೆ ಬಂದರೆ ಕೂಸು ಈಗ ಅಡಗಿಕೊಳ್ಳುತ್ತದೆ. ದಿನವೂ ಬರತೊಡಗಿದರೆ ಓಡಿ ಹೋಗಿ ಅಂಗಿಗೆ ಮುಖ ಒರಸುತ್ತದೆ.

ಎಲ್ಸಾಬಾಯಿಯ ಹೆಸರನ್ನು ವರದಿಯಲ್ಲಿ ಬರೆಯಬಹುದೇ ಎಂದು ಕೇಳಿಸಿದೆ. ಬರೆಯಿರಿ ಎಂದಳು. ಬ್ರೆಡ್ಡು ಮುಂದಿಟ್ಟಳು. ಆ ದಿನ ಅದನ್ನು ಗೊಣಗದೆ ತಿಂದೆ.

ಸಭೆ

ಕೊನೆಯ ದಿನ ವರದಿಗೆ ಸಹಿ. ಬೆಂಗಳೂರಿನ ಸಾಹೇಬರಿಗೆ ಕ್ಯಾಮೆರಾದ ಅಂಗಡಿ ಮುಚ್ಚುವ ಚಿಂತೆ. ಪೆನ್ನು ಬಿಚ್ಚಿ ನನ್ನ ಕೈಗೇ ಕೊಟ್ಟರು.

"ಜಳಕದ ಮನಿ ಇಲ್ಲದ ನಾ ಸಹಿ ಹಾಕಂಗಿಲ್ಲ," ಎಂದೆ. "ಎರಡು ಬಾಗಲದ್ದು. ಬಟ್ಟಿ ಒಗಿಯೂದೂ ಕಾರ್ಖಾನ್ಯಾಗನ ಆಗಬೇಕು."

"ಅಮ್ಮಾ, ಇಷ್ಟು ದೊಡ್ಡ ಯೋಜನೆ, ನೀವು ಬಚ್ಚಲು ಮನೆ ಹಿಡ್ಕೊಂಡು ಕೂತಿದ್ದೀರಲ್ಲ," ಎಂದರು ಸಾಹೇಬರು.

ಸೇಠರಿಗೆ ಸಿಟ್ಟು ಬಂತು. "ಬಾಯಾರ, ನಿಮ್ಮ ಓಣಿ ಹುಡುಗರ ಹೊಟ್ಟಿ ಮ್ಯಾಲ ಹೊಡಿತೀರೇನು? ಇದು ಬರಲಿಲ್ಲಂದ್ರ ಎಲ್ಲಾರೂ ಮತ್ತ ಪುಣಾದ ಬಸ್ಸ ಹತ್ತತಾರ. ನಿಮ್ಮ ಹೆಸರs ಹೇಳಕೋತ ಹತ್ತತಾರ."

ಅದು ನಿಜವೇ ಆಗಿತ್ತು, ಅದಕ್ಕೇ ಚುಚ್ಚಿತು. ಈ ಕೆಲಸವೇ ಬೇಡವೆಂದು ಎದ್ದು ಬರಬಹುದಿತ್ತು. ಬಂದರೆ ಬೇರೆ ಯಾವಳೋ ಒಬ್ಬಳನ್ನು ವಿಮಾನ ಹತ್ತಿಸಿ ಸಹಿ ಹಾಕಿಸುತ್ತಿದ್ದರು, ಬಚ್ಚಲಿನ ಮಾತೇ ಏಳುತ್ತಿರಲಿಲ್ಲ. ಒಂದು ಜಳಕದಿಂದ ಎದೆಯೊಳಗೆ ಹೋದ ಧೂಳು ತೊಳೆದುಹೋಗುವುದಿಲ್ಲವೆಂಬುದೂ ನನಗೆ ಗೊತ್ತಿತ್ತು. ಆದರೆ ಶರಣಮ್ಮನ ಒಗೆಯುವ ಕಲ್ಲಿನವರೆಗೆ ಅದು ಬರದಂತೆ ತಡೆಯಬಹುದಿತ್ತು.

ಕುಲಕರ್ಣಿಗೆ ಹೇಳಿದೆ: "ದೊಡ್ಡ ಸಾಹೇಬಗ ಕೇಳು. ನಾ ಇರೂ ಮನಿಯಾಕಿ ಹೆಸರು, ಆಕಿ ಬ್ಯಾನಿ, ಅದು ಯಾತಕ್ಕ ಬಂತು, ಇಷ್ಟು ಸೇರಿಸಿ ಬ್ಯಾಂಕಿಗೆ ಬರಿತೀನಿ. ಇಲ್ಲಾಂದ್ರ ಜಳಕದ ಮನಿ ನಕ್ಷಾದಾಗ ಬರೀಲಿ. ಎರಡರಾಗ ಯಾವುದು ಬೇಕಂತ?"

ಅವನು ಕೇಳಿದ. ದೊಡ್ಡ ಸಾಹೇಬನ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ನೀರು ಕುಡಿದ. ಗಡಿಯಾರ ನೋಡಲಿಲ್ಲ. ನಕ್ಷೆ ತರಿಸಿ, ಸೀಸದಕಡ್ಡಿಯಿಂದ ಒಂದು ಉದ್ದನೆಯ ಚೌಕ ಎಳೆದ, ಎರಡು ತುದಿಗೆ ಎರಡು ಬಾಗಿಲು. ಅವನಿಗೆ ಅಳತೆ ಬಾಯಿಪಾಠವಾಗಿತ್ತು.

ನಮ್ಮವರಿಬ್ಬರಿಗೆ ಗೊತ್ತಿರಲಿಲ್ಲ, ಅವರನ್ನು ದಡ್ಡರೆಂದು ಬಿಡಬಹುದು. ಅವನಿಗೆ ಗೊತ್ತಿತ್ತು. ನಮ್ಮ ಜನ ಮುಂಜಾನೆ ಜಳಕ ಮಾಡುತ್ತಾರೆಂದು ಕೇಳಿ, ಬರೆದುಕೊಂಡು, ಸುಮ್ಮನಿದ್ದ.

ಹುಡಗಿ

ಮರುವರ್ಷ ಮಳೆಗಾಲ ಕಳೆದ ಮೇಲೆ ಕಾರ್ಖಾನೆ ಶುರುವಾಯಿತು. ಜಳಕದ ಮನೆಯೂ ಆಯಿತು. ಸೇಠರು ಅದರ ಬಾಗಿಲಿಗೆ ಮಾವಿನ ತೋರಣ ಕಟ್ಟಿಸಿ, ಬಂದವರಿಗೆಲ್ಲ ಇದು ತಮ್ಮದೇ ವಿಚಾರವೆಂದು ತೋರಿಸಿದರು. ನಾನು ತಿದ್ದಲು ಹೋಗಲಿಲ್ಲ, ಕಟ್ಟಿದರೆ ಸಾಕಿತ್ತು.

ಆದರೆ ಕಟ್ಟಿದರೆ ಸಾಲದೆಂದು ಬೇಗನೆ ಗೊತ್ತಾಯಿತು. ಕೆಲಸಗಾರರು ಒಂದು ಬಾಗಿಲಿನಿಂದ ಒಳಗೆ ಹೋಗಿ, ಅದೇ ಬಾಗಿಲಿನಿಂದ ಹೊರಗೆ ಬರುತ್ತಿದ್ದರು. ಕೊಟ್ಟ ಸಾಬೂನು ಕಾಗದ ಬಿಚ್ಚದೆ ಮನೆ ಸೇರುತ್ತಿತ್ತು. ಒಗೆಯುವ ಯಂತ್ರ ಕೆಲಸವಿಲ್ಲದೆ ನಿಂತಿತ್ತು. ನಾನು ಹೋಗಿ ಬೈದೆ. "ಹೌದ್ರಿ ಬಾಯಾರ, ಖರೇರಿ ಬಾಯಾರ," ಎಂದು ಗೋಣು ಹಾಕಿ, ಧೂಳಿನ ಬಟ್ಟೆಯಲ್ಲೇ ಸೈಕಲ್ ಹತ್ತಿದರು. ಕಾರಣ ನಾಚಿಕೆಯಲ್ಲ, ಸೋಮಾರಿತನವೂ ಅಲ್ಲ. ನಮ್ಮ ಕಡೆ ದಿನದ ಜಳಕ ಒಂದೇ, ಮುಂಜಾನೆಯದು. ಗಂಡಸು ಹೊತ್ತು ಮುಳುಗುವಾಗ ತಲೆ ತೋಯಿಸಿಕೊಂಡು ಮನೆಗೆ ಬಂದನೆಂದರೆ ಯಾರದೋ ಹೆಣದ ಹಿಂದೆ ಮಣ್ಣಿಗೆ ಹೋಗಿ ಬಂದಿದ್ದಾನೆಂದೇ ಅರ್ಥ. ಬದುಕಿರುವ ಹೆಂಡತಿ ಮಕ್ಕಳ ಮನೆಗೆ ದಿನವೂ ಅಂಥ ಜಳಕ ಮಾಡಿ ಹೋಗುವವರು ಯಾರು?

ಎಲ್ಸಾಬಾಯಿಯ ಕಥೆಯನ್ನು ನಾನು ಜರ್ಮನಿಯಿಂದ ಬಂದ ವಾರವೇ ಶರಣಮ್ಮನಿಗೆ ಹೇಳಿದ್ದೆ. ಅವಳು ಜೋಳ ಹಸನು ಮಾಡುತ್ತ ಕೇಳಿದ್ದಳು. "ಆಕಿನೂ ಗಂಡನ ಬಟ್ಟಿ ಮನ್ಯಾಗೇ ಒಗಿತಿದ್ಲೇನ್ರಿ?" ಎಂದಷ್ಟೇ ಕೇಳಿದ್ದಳು.

ಒಂದು ಸಂಜೆ ನಾನು ಕಟ್ಟೆಯ ಮೇಲೆ ಕುಳಿತಿದ್ದೆ. ಪುಣೆ ಬಿಟ್ಟು ಕಾರ್ಖಾನೆ ಸೇರಿದ್ದ ವೈಜಿನಾಥ ದಿನದ ಕೆಲಸ ಮುಗಿಸಿ ಬಂದ. ಹುಬ್ಬಿನ ಮೇಲೆ ಬೂದು, ಅಂಗಿಯ ಮಡಿಕೆಗಳಲ್ಲಿ ಬೂದು. ಒಳಗಿನಿಂದ ಕೂಸು "ಅಪ್ಪಾ" ಎಂದು ಓಡಿ ಬಂತು. ಶರಣಮ್ಮ ಅದರ ರಟ್ಟೆ ಹಿಡಿದು ಹಿಂದಕ್ಕೆಳೆದಳು, ತಾನು ಹೊಸ್ತಿಲ ನಡುವೆ ನಿಂತಳು.

"ತಿರಗಿ ಹೋಗ್ರಿ. ಕಾರ್ಖಾನ್ಯಾಗ ಜಳಕ ಮಾಡಿ, ಬ್ಯಾರೆ ಬಟ್ಟಿ ಹಾಕ್ಕೊಂಡು ಬರ್ರಿ."

"ಹುಚ್ಚಿ, ಅಷ್ಟು ದೂರ ಮತ್ತ ಸೈಕಲ್ ತುಳೀಲೇನು? ಬಿಡು ದಾರಿ."

"ಬಿಡಂಗಿಲ್ಲ."

ಎದುರಿನ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಗಂಡಸರಿಗೆ ಇದು ಒಳ್ಳೆಯ ತಮಾಷೆಯಾಯಿತು. "ಯಾಕ ಶರಣಮ್ಮ," ಎಂದು ಒಬ್ಬ ಕೂಗಿದ, "ಸಂಜಿ ಮುಂದ ಜಳಕ ಮಾಡ ಅಂತಿ, ನಿಮ್ಮ ಮನ್ಯಾಗ ಯಾರು ಸತ್ತಾರವ್ವ?"

ಎಲ್ಲರೂ ನಕ್ಕರು. ವೈಜಿನಾಥನೂ ತಲೆ ತಗ್ಗಿಸಿ ನಕ್ಕ. ಶರಣಮ್ಮ ನಗಲಿಲ್ಲ.

"ಇನ್ನೂ ಯಾರೂ ಸತ್ತಿಲ್ರಿ ಕಾಕಾ," ಎಂದಳು. "ಅದಕ್ಕs ಮಾಡ್ರಿ ಅನ್ನಾಕತ್ತೀನಿ."

ವೈಜಿನಾಥ ಅವಳ ಹಿಂದಿದ್ದ ಕೂಸನ್ನು ನೋಡಿದ. ಆಮೇಲೆ ಕಾರ್ಖಾನೆಯ ಕಡೆಗೆ ಸೈಕಲ್ ತಿರುಗಿಸಿದ.